ಎಸ್.ಎಸ್. ಎಂದರೆ ಯಾವ ಎಸ್.ಎಸ್.?

ಮಾನ್ಯ ಸಂಪಾದಕರೇ,

ಕಳೆದ ಆಟಿ ತಿಂಗಳ ಒಂದು ಮಧ್ಯಾಹ್ನ ಬಚ್ಚಲು ಬಾಗಿಲಿನ ಹಿಡಿ ಕಿತ್ತು ನನ್ನ ಕೈಗೇ ಬಂತು. ನಾನು ಒಳಗೆ, ಮೊಮ್ಮಗಳು ಹೊರಗೆ. ಅವಳು ಚಮಚದ ಹಿಂಬದಿ ತೂರಿಸಿ ಬಿಡಿಸುವಷ್ಟರಲ್ಲಿ ಒಲೆಯ ಮೇಲಿನ ಗಂಜಿ ತಳ ಹಿಡಿದಿತ್ತು. ಹಿಡಿ ಹಾಕಿಸಿ ಕಳೆದದ್ದು ಎರಡೇ ಮಳೆಗಾಲ. ಬೆಳ್ಳಿಯಂತೆ ಹೊಳೆಯುತ್ತಿದ್ದ ಅದರ ಸಿಪ್ಪೆ ಎದ್ದ ಕಡೆ ನೋಡಿದರೆ ಒಳಗೆಲ್ಲ ಬೂದು ಬಣ್ಣದ ಸತುವಿನ ಮಿಶ್ರಲೋಹ, ಮೇಲೆ ಬರಿಯ ಕ್ರೋಮಿಯಂ ಲೇಪ.

ನಮ್ಮ ಮನೆ ಮಲ್ಪೆಯ ಕಡಲಿಗೆ ಕೂಗಳತೆಯ ದೂರದಲ್ಲಿದೆ. ಇಲ್ಲಿ ಉಪ್ಪುಗಾಳಿ ಬಿಜಾಗರಿಯನ್ನೂ ಬಿಡುವುದಿಲ್ಲ, ಬೀಗವನ್ನೂ ಬಿಡುವುದಿಲ್ಲ. ಆದ್ದರಿಂದ ಹೊಸದನ್ನು ಕೊಳ್ಳಲು ಉಡುಪಿಯ ಅಂಗಡಿಯೊಂದಕ್ಕೆ ಹೋಗಿ, 'ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು' ಎಂದೆ. ಪೊಟ್ಟಣದ ಮೇಲೆ ಎಸ್.ಎಸ್. ಎಂಬ ಎರಡೇ ಅಕ್ಷರ. ಯಾವ ದರ್ಜೆಯದು ಎಂದು ಕೇಳಿದ್ದಕ್ಕೆ ಹುಡುಗ ಮೇಜಿನ ಖಾನೆಯಿಂದ ಅಯಸ್ಕಾಂತ ತೆಗೆದು ಮುಟ್ಟಿಸಿ, 'ಅಂಟುವುದಿಲ್ಲ ನೋಡಿ ಟೀಚರ್, ಅಪ್ಪಟ ಮಾಲು' ಎಂದ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. 202ರಲ್ಲಿ ದುಬಾರಿ ನಿಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಕಡಲಬದಿಗೆ ನಿಜವಾಗಿ ಒಗ್ಗುವುದು ಶೇ 2ರಿಂದ 3 ಮಾಲಿಬ್ಡಿನಂ ಇರುವ 316. 304ರ ಮೇಲೂ ಇಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಬೀಳುತ್ತದೆ. ಆಗಾಗ ಸಿಹಿನೀರಿನಲ್ಲಿ ಒರೆಸುತ್ತಿದ್ದರೆ ಬಾಳಿಕೆ ಬರುತ್ತದೆ.

ಬಿಜಾಗರಿ ಒಳ್ಳೆಯದಿದ್ದರೂ ಪೊಟ್ಟಣದೊಳಗಿನ ಸ್ಕ್ರೂಗಳು ಲೇಪ ಹಾಕಿದ ಕಬ್ಬಿಣದವು. ನಮ್ಮ ಹಿತ್ತಿಲ ಬಾಗಿಲಿನಲ್ಲಿ ಬಿಜಾಗರಿ ಇಂದಿಗೂ ಮಿರಮಿರ ಮಿಂಚುತ್ತಿದೆ, ಸ್ಕ್ರೂಗಳ ತಲೆ ಮಾತ್ರ ಪುಡಿಪುಡಿಯಾಗಿ ಉದುರಿ ಹೋಗಿದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮುಂಬಾಗಿಲ ಬೀಗವನ್ನು ಅಳತೆ ನೋಡದೆ ತಂದೆ. ಬಾಗಿಲ ಅಂಚಿನಿಂದ ಕೀಲಿಕಂಡಿಗೆ ಹಳೆಯದರಲ್ಲಿ 45 ಮಿಲಿಮೀಟರ್, ಹೊಸದರಲ್ಲಿ 60. 'ಇದನ್ನು ಹಾಕಬೇಕಾದರೆ ಬಾಗಿಲಿಗೇ ಇನ್ನೊಂದು ತೂತು ಹೊಡೆಯಬೇಕು' ಎಂದ ಆಚಾರಿ ಅದನ್ನು ನನ್ನ ಕೈಗೇ ವಾಪಸು ಕೊಟ್ಟ. ಮರುದಿನ ಹಳೆಯ ಬೀಗವನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮಳೆಗೆ ಉಬ್ಬಿದ ಬಾಗಿಲನ್ನು ಉಜ್ಜಿ ಕೊಡಲೂ ಆತ ಒಪ್ಪಲಿಲ್ಲ. ಜುಲೈಯಲ್ಲಿ ಹೆರೆದರೆ ಮಾರ್ಚ್‌ನಲ್ಲಿ ಸಂದು ಬಿಟ್ಟು ಚಿಲಕ ಎಟುಕುವುದಿಲ್ಲವಂತೆ.

ತಯಾರಕರಲ್ಲಿ ನಾನು ಕೇಳುವುದು ಇಷ್ಟೇ: ಪೊಟ್ಟಣದ ಮೇಲೆ ದರ್ಜೆಯ ಅಂಕಿಯನ್ನೂ ಸ್ಕ್ರೂ ಯಾವ ಲೋಹದ್ದೆಂಬುದನ್ನೂ ಮುದ್ರಿಸಲಿ. ಅಂಗಡಿಯವರು ಅದೇ ಅಂಕಿಯನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ನಾನು ಬರೆಸಿಕೊಂಡೆ; ಮೂರನೆಯ ಅಂಗಡಿಯಲ್ಲಿ, ಮಾಲಕರು ಗೊಣಗುತ್ತಲೇ '304' ಎಂದು ಬರೆದು ಸಹಿ ಹಾಕಿದರು. 316 ಅಲ್ಲಿಯೂ ಇರಲಿಲ್ಲ.

ಅಡುಗೆಮನೆಯ ಹಿಂಬಾಗಿಲಿಗೆ ಅಜ್ಜನ ಕಾಲದ ಹಲಸಿನ ಮರದ ಅಗುಳಿ ಇದೆ. ಅದನ್ನೂ ಬದಲಿಸಲೇ ಎಂದು ಆಚಾರಿ ಕೇಳಿದ. ಬೇಡವೆಂದೆ.

– ನಿವೃತ್ತ ಶಿಕ್ಷಕಿ, ಮಲ್ಪೆ