ಮಾನವ ಹಕ್ಕು ಆಯೋಗಕ್ಕೆ ಸ್ವಂತ ತನಿಖಾಧಿಕಾರಿಗಳು ಬೇಕು

ಮಾನ್ಯರೇ,

ಅಭಿವೃದ್ಧಿಶೀಲ ದೇಶಗಳ ಎಷ್ಟೋ ಮಾನವ ಹಕ್ಕು ಆಯೋಗಗಳಿಗೆ ಕಾಯ್ದೆಯ ಬಲವಿದ್ದರೂ ತನಿಖೆಗೆ ಸ್ವಂತ ಸಿಬ್ಬಂದಿಯಿಲ್ಲ. ಪೊಲೀಸ್ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದ ಅಧಿಕಾರಿಯೇ ಲಾಕಪ್ ಸಾವಿನ ದೂರನ್ನು ವಿಚಾರಿಸುತ್ತಾರೆ. ಅವಧಿ ಮುಗಿದರೆ ಅವರು ಮರಳಬೇಕಾದದ್ದು ಅದೇ ಇಲಾಖೆಗೆ, ಬಡ್ತಿಯೂ ಅಲ್ಲೇ. ಇಂಥವರ ಮೇಲೆ ನಿಷ್ಪಕ್ಷಪಾತ ವರದಿಯ ಭಾರ ಹೊರಿಸುವುದು ಅವರಿಗೂ ಅನ್ಯಾಯ. 1993ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ, ಮಾನವ ಹಕ್ಕು ಸಂಸ್ಥೆಗಳು ಹೇಗಿರಬೇಕೆಂದು ಹೇಳುವ ಪ್ಯಾರಿಸ್ ತತ್ವಗಳು ಸ್ವಂತ ಸಿಬ್ಬಂದಿ, ಸ್ವಂತ ಕಚೇರಿ, ಸಾಕಷ್ಟು ಹಣ ಇರಬೇಕೆಂದದ್ದು ಇದಕ್ಕಾಗಿಯೇ.

ಸಾಕ್ಷ್ಯದ ವಿಷಯ ಇನ್ನೂ ಸೂಕ್ಷ್ಮ. ಠಾಣೆಯ ಸಿಸಿಟಿವಿ ಹಾರ್ಡ್ ಡಿಸ್ಕ್ ತುಂಬಿದಾಗ ಹಳೆಯ ದೃಶ್ಯದ ಮೇಲೆಯೇ ಹೊಸದು ದಾಖಲಾಗುತ್ತದೆ. ನೋಟಿಸ್ ಟಪಾಲಿನಲ್ಲಿ ಹೋಗಿ ಉತ್ತರ ಬರುವಷ್ಟರಲ್ಲಿ ಆ ರಾತ್ರಿಯ ದೃಶ್ಯ ಅಳಿಸಿಹೋಗಿರಬಹುದು. ದೂರು ಬಂದ ದಿನವೇ ದೃಶ್ಯಾವಳಿ, ಠಾಣಾ ದಿನಚರಿ, ವೈದ್ಯಕೀಯ ತಪಾಸಣೆಯ ದಾಖಲೆ, ಮರಣೋತ್ತರ ಪರೀಕ್ಷೆಯ ವಿಡಿಯೊ ಇವನ್ನು ಕಾಯ್ದಿಡುವಂತೆ ಆದೇಶಿಸುವ ಅಧಿಕಾರ ಆಯೋಗಕ್ಕೆ ಇರಲೇಬೇಕು.

ಶಿಫಾರಸು ಒಪ್ಪದ ಸರ್ಕಾರ ಗಡುವಿನೊಳಗೆ ಲಿಖಿತ ಕಾರಣ ಕೊಡಲಿ, ಅದು ಸಂಸತ್ತಿನ ಮುಂದೆ ಬರಲಿ. ದಕ್ಷಿಣ ಆಫ್ರಿಕಾದಲ್ಲಿ ಪಬ್ಲಿಕ್ ಪ್ರೊಟೆಕ್ಟರ್ (ಸರ್ಕಾರಿ ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿ) ಸೂಚಿಸಿದ ಪರಿಹಾರ ಕ್ರಮವನ್ನು, ಕೋರ್ಟ್ ರದ್ದುಪಡಿಸದ ಹೊರತು, ಅಧ್ಯಕ್ಷರೂ ಕಡೆಗಣಿಸುವಂತಿಲ್ಲ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2016ರಲ್ಲೇ ತೀರ್ಪು ಕೊಟ್ಟಿದೆ.