ರಿಪೇರಿಗೆ ಕೊಟ್ಟ ವಿಜಿಎ ಕಾರ್ಡಿನಿಂದ ಎರಡು ಮೆಮೊರಿ ಚಿಪ್ ತೆಗೆದಿರುವ ಬಗ್ಗೆ ದೂರು

ಇಂದ:
ಮಾಲೀಕರು,
ಮುದ್ರಣಾಲಯ ಮತ್ತು ಡಿಟಿಪಿ ಕೇಂದ್ರ, ಗದಗ

ಗೆ:
ವ್ಯವಸ್ಥಾಪಕರು,
ಕಂಪ್ಯೂಟರ್ ರಿಪೇರಿ ಕೇಂದ್ರ, ಬೆಂಗಳೂರು

ವಿಷಯ: ಎಸ್‌3 ಟ್ರಯೊ64ವಿ ಪ್ಲಸ್ ಪಿಸಿಐ ಡಿಸ್‌ಪ್ಲೇ ಕಾರ್ಡಿನ ಅಪೂರ್ಣ ರಿಪೇರಿ ಮತ್ತು ಬಿಡಿಭಾಗ ಹಿಂದಿರುಗಿಸದಿರುವುದು

ಮಾನ್ಯರೇ,

ನಮ್ಮ ಹಳೆಯ ಡಿಟಿಪಿ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಬೀಳುತ್ತಿದ್ದವು. ಅದಕ್ಕಾಗಿ ಅದರ ವಿಜಿಎ ಕಾರ್ಡನ್ನು, ಅಂದರೆ ಪರದೆಗೆ ಚಿತ್ರ ಕಳಿಸುವ ಬಿಡಿಭಾಗವನ್ನು, ನಿಮ್ಮಲ್ಲಿ ರಿಪೇರಿಗೆ ಕೊಟ್ಟಿದ್ದೆವು. 'ಸರ್ವಿಸ್ ಆಗಿದೆ, ಪರೀಕ್ಷಿಸಿದೆ, ಸರಿಯಿದೆ' ಎಂದು ಬರೆದ ಬಿಲ್ಲಿನೊಂದಿಗೆ ಕಾರ್ಡು ವಾಪಸ್ ಬಂತು. ಪೊಟ್ಟಣ ಬಿಚ್ಚಿ ನೋಡಿದರೆ ಅದರ ಎರಡೂ ಸಾಕೆಟ್ ಖಾಲಿ! ಕೊಡುವಾಗ ಅವುಗಳಲ್ಲಿ ಎರಡು ಮೆಮೊರಿ ಚಿಪ್‌ಗಳಿದ್ದವು. ಅವನ್ನು ತೆಗೆದ ಸಂಗತಿ ಬಿಲ್ಲಿನಲ್ಲಿಲ್ಲ, ನಿಮ್ಮವರು ಫೋನಿನಲ್ಲೂ ಹೇಳಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಇಷ್ಟು ಹಳೆಯ ಕಂಪ್ಯೂಟರ್ ಯಾಕೆ ಬೇಕು ಎಂದು ನಿಮ್ಮ ಕೌಂಟರಿನಲ್ಲಿ ಕೇಳಿದ್ದರು. ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮಲ್ಲಿ ಟೈಪಾದ ಪುಸ್ತಕಗಳು, ಜಾತ್ರೆಯ ಕರಪತ್ರಗಳು, ಶಾಲೆಗಳ ಸ್ಮರಣ ಸಂಚಿಕೆಗಳು ಎಲ್ಲವೂ ಪುಟ ಕಟ್ಟುವ ಪೇಜ್‌ಮೇಕರ್‌ನಲ್ಲಿ ಶ್ರೀಲಿಪಿ ಅಕ್ಷರಗಳಲ್ಲಿವೆ. ನಮ್ಮಲ್ಲಿರುವ ಶ್ರೀಲಿಪಿ ತಂತ್ರಾಂಶ ನಡೆಯಬೇಕಾದರೆ ಪ್ರಿಂಟರ್ ಪೋರ್ಟಿಗೆ ಅದರ ಲಾಕ್ ಎಂಬ ಪುಟ್ಟ ಸಾಧನ ಸಿಕ್ಕಿಸಿರಲೇಬೇಕು. ವಿಂಡೋಸ್‌ಗೆ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೂ ಹಿಂದಿನ ಕಡತಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಹಾಗೇ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪರಿವರ್ತಕಗಳಿವೆ, ನಿಜ. ಅವು ಪಠ್ಯವನ್ನು ತಂದುಕೊಡುತ್ತವೆ, ಪುಟದ ಕಟ್ಟನ್ನು ತರುವುದಿಲ್ಲ. ಊರಿನವರು ಮರುಮುದ್ರಣ ಕೇಳಿ ಬಂದಾಗ ನಾವು ಕೂರುವುದು ಈ ಪೆಂಟಿಯಂ ಯಂತ್ರದ ಮುಂದೆಯೇ. ಅದರ ಪರದೆ ನೆಟ್ಟಗಿರುವುದು ನಮಗೆ ಹೊಟ್ಟೆಪಾಡಿನ ವಿಷಯ.

ಚುಕ್ಕೆ ಸಣ್ಣದೆಂದು ದೋಷವೂ ಸಣ್ಣದೆನ್ನುವಂತಿಲ್ಲ. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಕೆಳಗಿನ ಒಂದು ಪುಟ್ಟ ಗೆರೆಯಿಂದ. ಸರಿಯಾಗಿ ಅದೇ ಜಾಗದಲ್ಲಿ ಕಪ್ಪು, ನೀಲಿ ಚುಕ್ಕೆ ಬಿದ್ದರೆ ಪ್ರೂಫ್ ನೋಡುವವರು ಯಾವುದನ್ನು ನಂಬಬೇಕು? ಪುಟ ಪುಟವನ್ನೂ ಮುದ್ರಿಸಿ ಕಾಗದದ ಮೇಲೆ ತಿದ್ದಬೇಕಾಗಿತ್ತು.

ಮುದ್ರಿಸಿದ ಪುಟದಲ್ಲಿ ಮಾತ್ರ ಒಂದು ಚುಕ್ಕೆಯೂ ಇರಲಿಲ್ಲ. ಅಂದರೆ ಕಡತ, ಹಾರ್ಡ್ ಡಿಸ್ಕ್, ಮುಖ್ಯ ಮೆಮೊರಿ ಮೂರೂ ಸರಿಯಿವೆ ಎಂದಾಯಿತು. ಮಾನಿಟರಿನ ಮೇಲೂ ಅನುಮಾನ ಬೇಡವೆಂದು ಪ್ರಿಂಟ್ ಸ್ಕ್ರೀನ್ ಕೀ ಒತ್ತಿ, ಚಿತ್ರವನ್ನು ಪೇಂಟ್‌ನಲ್ಲಿ ಉಳಿಸಿ, ಫ್ಲಾಪಿಯಲ್ಲಿ ಹೊಸ ಕಂಪ್ಯೂಟರಿಗೆ ಒಯ್ದು ತೆರೆದೆವು. ಚುಕ್ಕೆಗಳು ಅಲ್ಲಿಯೂ ಇದ್ದವು. ಮಾನಿಟರಿನದೋ ಕೇಬಲ್ಲಿನದೋ ದೋಷವಾಗಿದ್ದರೆ ಅವು ಉಳಿಸಿದ ಚಿತ್ರದೊಳಗೆ ಸೇರುವುದು ಸಾಧ್ಯವಿರಲಿಲ್ಲ. ವಿಂಡೋಸ್ ಬಿಟ್ಟು ಬರೀ ಡಾಸ್‌ನಲ್ಲಿ 256 ಬಣ್ಣದ ಚಿತ್ರ ತೆರೆದಾಗಲೂ ಅದೇ ಚುಕ್ಕೆಗಳು ಕಂಡದ್ದರಿಂದ ಕಾರ್ಡನ್ನು ನಡೆಸುವ ವಿಂಡೋಸ್ ತಂತ್ರಾಂಶದ (ಡ್ರೈವರ್) ಮೇಲಿನ ಅನುಮಾನವೂ ಹೋಯಿತು.

ಉಳಿಸಿದ ಚಿತ್ರವನ್ನು ದೊಡ್ಡದು ಮಾಡಿ ಎಣಿಸಿದಾಗ ದೋಷ ಎಲ್ಲಿದೆ ಎಂಬುದೂ ತಿಳಿಯಿತು. 256 ಬಣ್ಣದಲ್ಲಿ ಪ್ರತಿ ಎಂಟು ಪಿಕ್ಸೆಲ್‌ಗೆ ಒಂದರಂತೆ, ಮೇಲಿಂದ ಕೆಳಗೆ ನೇರ ಸಾಲಿನಲ್ಲಿ ಚುಕ್ಕೆಗಳು. 16 ಬಿಟ್ ಬಣ್ಣಕ್ಕೆ ಬದಲಿಸಿದರೆ ಅಂತರ ನಾಲ್ಕಕ್ಕೆ ಇಳಿಯುತ್ತಿತ್ತು. ಈ ಕಾರ್ಡಿನಲ್ಲಿ ಒಂದು ಎಂಬಿ ಮೆಮೊರಿ ಬೋರ್ಡಿಗೇ ಸೋಲ್ಡರ್ ಆಗಿದೆ, ಇನ್ನೊಂದು ಎಂಬಿ ಸಾಕೆಟ್‌ಗಳ ಎರಡು ಚಿಪ್‌ಗಳಲ್ಲಿ. ಎರಡೂ ಸೇರಿದರೆ ಮೆಮೊರಿಯ ದಾರಿ 64 ಬಿಟ್, ಅಂದರೆ ಒಮ್ಮೆಗೆ ಎಂಟು ಬೈಟ್. ಒಂದು ಪಿಕ್ಸೆಲ್‌ಗೆ 256 ಬಣ್ಣದಲ್ಲಿ ಒಂದು ಬೈಟ್ ಬೇಕು, 16 ಬಿಟ್ ಬಣ್ಣದಲ್ಲಿ ಎರಡು. ಅದರಲ್ಲಿ ನಾಲ್ಕು ಬೈಟ್ ಬರುವುದು ಸಾಕೆಟ್ ಚಿಪ್‌ಗಳಿಂದ. ಎಂಟು ಬೈಟ್‌ಗಳಲ್ಲಿ ಯಾವಾಗಲೂ ಒಂದೇ ಬೈಟ್ ಕೆಡುತ್ತಿದೆ ಎಂದರೆ ಒಂದು ಚಿಪ್ಪಿನ ಯಾವುದೋ ಒಂದು ಕಾಲು ಸರಿಯಾಗಿ ತಾಗುತ್ತಿಲ್ಲ. ಒಂದು ಸಾಕೆಟ್ ಚಿಪ್ಪನ್ನು ಮೆಲ್ಲಗೆ ಒತ್ತಿ ಹಿಡಿದಾಗ ಚುಕ್ಕೆ ಮಾಯವಾಗಿ, ಬಿಟ್ಟರೆ ಮತ್ತೆ ಬರುತ್ತಿತ್ತು. ಚಿಪ್ ಸತ್ತಿರಲಿಲ್ಲ, ವರ್ಷಗಟ್ಟಲೆ ಬಿಸಿಯಾಗಿ ತಣಿದು ಅದು ಸಾಕೆಟ್ಟಿನಿಂದ ತುಸು ಮೇಲೆದ್ದಿತ್ತು ಅಥವಾ ಸಾಕೆಟ್ಟಿನ ತಂತಿಗೆ ಕಿಲುಬು ಹಿಡಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದೆಲ್ಲವನ್ನೂ ಬರೆದು ಕಾರ್ಡಿನ ಜೊತೆಗೇ ಕೊಟ್ಟಿದ್ದೆವು. ಸಾಕೆಟ್ ಶುಚಿಗೊಳಿಸಿ, ಎರಡು ಚಿಪ್‌ಗಳನ್ನು ಅದಲುಬದಲು ಮಾಡಿ ನೋಡಿ, ದೋಷ ಚಿಪ್ಪಿನ ಹಿಂದೆ ಹೋಗುತ್ತದೋ ಸಾಕೆಟ್ಟಿನಲ್ಲೇ ಉಳಿಯುತ್ತದೋ ತಿಳಿಯುತ್ತದೆ ಎಂದೂ ಅದರಲ್ಲಿ ಬರೆದಿತ್ತು. ಎಳೆತ ತಾಳದ ಹಳೆಯ ಸಾಕೆಟ್ಟೆಂಬ ಒಂದೇ ಕಾರಣಕ್ಕೆ, ಸರಿಯಾದ ಉಪಕರಣವಿರುವವರು ಮಾಡಲಿ ಎಂದು ನಿಮ್ಮಲ್ಲಿಗೆ ಕಳಿಸಿದೆವು. ನೀವು ಮಾಡಿದ್ದು ಚಿಪ್‌ಗಳನ್ನು ಕಿತ್ತು ಇಟ್ಟುಕೊಂಡದ್ದು. ಕೆಡುತ್ತಿದ್ದ ಮೆಮೊರಿಯೇ ಇಲ್ಲದ ಮೇಲೆ ಚುಕ್ಕೆ ಎಲ್ಲಿಂದ ಬರಬೇಕು? ಹಲ್ಲು ಕಿತ್ತು ಹಲ್ಲುನೋವು ವಾಸಿ ಮಾಡಿದಂತಾಯಿತು ಇದು.

ಈಗ ನಮ್ಮ ಕಾರ್ಡು ಒಂದು ಎಂಬಿಯದು. 1024×768 ಅಳತೆಯಲ್ಲಿ 16 ಬಿಟ್ ಬಣ್ಣಕ್ಕೆ 15,72,864 ಬೈಟ್ ಬೇಕು. ಒಂದು ಎಂಬಿಯಲ್ಲಿರುವುದು 10,48,576. ಹಾಗಾಗಿ ಆ ಆಯ್ಕೆಯೇ ವಿಂಡೋಸ್‌ನಲ್ಲಿ ಕಾಣುತ್ತಿಲ್ಲ. 256 ಬಣ್ಣಕ್ಕೆ ಇಳಿದರೆ ಸ್ಕ್ಯಾನ್ ಮಾಡಿದ ಫೋಟೋಗಳು ತೇಪೆ ತೇಪೆಯಾಗುತ್ತವೆ. 800×600ಕ್ಕೆ ಇಳಿದರೆ ಎದುರುಬದುರಿನ ಎರಡು ಪುಟಗಳನ್ನು ಓದುವಂತೆ ಒಟ್ಟಿಗೆ ತೆರೆಯಲಾಗದು. ಮೆಮೊರಿಯ ದಾರಿ 64 ಬಿಟ್‌ನಿಂದ 32ಕ್ಕೆ ಕುಗ್ಗಿ ಪರದೆ ಮೂಡುವುದೂ ನಿಧಾನವಾಗಿದೆ. ನಿಮ್ಮಲ್ಲಿ ಇದನ್ನು 1024×768ರಲ್ಲಿ ಒಮ್ಮೆ ಪರೀಕ್ಷಿಸಿದ್ದರೆ ಅಷ್ಟಕ್ಕೇ ಗೊತ್ತಾಗುತ್ತಿತ್ತು.

ಫೋನ್ ಮಾಡಿದಾಗ ನಿಮ್ಮ ತಂತ್ರಜ್ಞರು 'ಚುಕ್ಕೆ ಹೋಯಿತಲ್ಲ ಸರ್, ಹೊಸ ಕಾರ್ಡ್ ಹಾಕಿಸಿಬಿಡಿ' ಎಂದರು. ಈಗ ಅಂಗಡಿಯಲ್ಲಿ ಸಿಗುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ನಮ್ಮ ಪಿಸಿಐ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ವಿಂಡೋಸ್ 95ಕ್ಕೆ ಅದರ ಡ್ರೈವರೂ ಇಲ್ಲ. ರಿಪೇರಿ ಕೇಂದ್ರದವರಿಗೆ ಇದನ್ನು ಗಿರಾಕಿ ವಿವರಿಸಬೇಕಾಗಿ ಬಂದದ್ದು ಬೇಸರದ ಸಂಗತಿ. ಚಿಪ್ ಎಲ್ಲಿ ಎಂದು ಕೇಳಿದ್ದಕ್ಕೆ 'ಸ್ಕ್ರ್ಯಾಪ್‌ಗೆ ಹೋಗಿರಬಹುದು' ಎಂಬ ಉತ್ತರ ಬಂತು. ಗಿರಾಕಿಯ ವಸ್ತುವನ್ನು ಗಿರಾಕಿಯನ್ನು ಕೇಳದೆ ಸ್ಕ್ರ್ಯಾಪ್‌ಗೆ ಹಾಕುವ ಅಧಿಕಾರ ನಿಮಗಿಲ್ಲ. ರಿಪೇರಿ ಆಗದು ಎಂದು ಹಾಗೇ ವಾಪಸ್ ಕಳಿಸಿದ್ದರೂ ನಾವು ಬೇಸರಪಡುತ್ತಿರಲಿಲ್ಲ.

ಆ ಎರಡೂ ಚಿಪ್‌ಗಳನ್ನು, ಕೆಟ್ಟಿವೆ ಎಂದು ನಿಮಗೆ ತೋರಿದ್ದರೂ, ನಮಗೆ ಹಿಂದಿರುಗಿಸಬೇಕು. ಅವು ಇಲ್ಲವೆಂದಾದರೆ ಅದೇ ಬಗೆಯ 256ಕೆ×16 ಇಡಿಓ ಡಿರ‍್ಯಾಮ್, 40 ಕಾಲಿನ, 60 ನ್ಯಾನೊಸೆಕೆಂಡ್ ಅಥವಾ ಅದಕ್ಕಿಂತ ವೇಗದ ಎರಡು ಚಿಪ್‌ಗಳನ್ನು ನಿಮ್ಮ ಖರ್ಚಿನಲ್ಲಿ ಹಾಕಿಸಿ, 1024×768ರಲ್ಲಿ 16 ಬಿಟ್ ಬಣ್ಣದಲ್ಲಿ ಯಂತ್ರ ಬಿಸಿಯಾಗುವವರೆಗೆ ಓಡಿಸಿ ತೋರಿಸಬೇಕು. ಮಾಡದ ರಿಪೇರಿಗೆ ಪಡೆದ ಹಣವನ್ನು ಹೇಗಿದ್ದರೂ ವಾಪಸ್ ಕೊಡಬೇಕು. ಕಾರ್ಡಿಗೆ ಏನೇನು ಮಾಡಲಾಯಿತು ಎಂಬ ಜಾಬ್ ಶೀಟಿನ ಪ್ರತಿಯೂ ಬೇಕು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಲು ಈ ಕಾಯ್ದೆ ಅವಕಾಶ ಕೊಟ್ಟಿರುವುದರಿಂದ ವಿಚಾರಣೆ ಗದಗಿನಲ್ಲೇ ನಡೆಯುತ್ತದೆ ಎಂಬುದನ್ನು ಗಮನಿಸಿ.

ಲಗತ್ತು: ಬಿಲ್ಲಿನ ಪ್ರತಿ, ಕಾರ್ಡಿನ ಜೊತೆ ಕೊಟ್ಟಿದ್ದ ಟಿಪ್ಪಣಿಯ ಪ್ರತಿ, ಕೊಡುವ ಮೊದಲು ಮತ್ತು ವಾಪಸ್ ಬಂದ ಮೇಲೆ ತೆಗೆದ ಕಾರ್ಡಿನ ಫೋಟೋಗಳು, ಚುಕ್ಕೆಗಳಿರುವ ಪರದೆಯ ಚಿತ್ರ.

ಇಂತಿ ತಮ್ಮ ವಿಶ್ವಾಸಿ,
ಮಾಲೀಕರು, ಮುದ್ರಣಾಲಯ ಮತ್ತು ಡಿಟಿಪಿ ಕೇಂದ್ರ, ಗದಗ