ಒಂದು ಸಲ ಮರಿ ಹಾಕಲಿ ಅಂತ ಕಾಯಬೇಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ತನ್ನ ನಾಯಿಮರಿಯನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. ಆರು ತಿಂಗಳ ಹೆಣ್ಣು ಮರಿ. ಸಣ್ಣ ಜಾತಿಯದು, ಇನ್ನೂ ಬೆದೆಗೆ ಬಂದಿಲ್ಲ. "ಆಂಟಿ, ಇವಳಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳ್ತಿದ್ದಾರೆ. ಪಾಪ ಅಲ್ವಾ? ಒಂದು ಸಲ ಮರಿ ಹಾಕ್ಲಿ, ಆಮೇಲೆ ಮಾಡಿಸೋಣ ಅಂತಾರೆ ಅಮ್ಮ" ಎಂದಳು.

ಹತ್ತು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿದ್ದೆ. ಅದರಿಂದ ಏನಾಯಿತು ಅಂತ ಅವಳನ್ನು ಕೂರಿಸಿಕೊಂಡು ಹೇಳಿದೆ. ನಾಯಿ, ಬೆಕ್ಕು ಸಾಕಿರುವ ನಿಮ್ಮ ಓದುಗರಿಗೂ ಹೇಳಬೇಕು ಅನಿಸಿತು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ನಮ್ಮ ನಾಯಿಯ ಹೆಸರು ಬೆಳ್ಳಿ. ಮೈಯೆಲ್ಲ ಬಿಳಿ, ಎಡಗಿವಿ ಮಾತ್ರ ಕಂದು. ಒಂಬತ್ತನೇ ತಿಂಗಳಿಗೆ ಮೊದಲ ಸಲ ಬೆದೆಗೆ ಬಂದಳು. ಹೆಣ್ಣು ಜೀವ, ತಾಯಿಯಾಗುವ ಆಸೆ ಅವಳಿಗೂ ಇರುತ್ತದೆ ಅಂದುಕೊಂಡೆ. ಮರಿಗಳಿಗೆ ಒಳ್ಳೆಯ ಮನೆ ಗೊತ್ತಾಗಲಿ, ಆಮೇಲೆ ಜೋಡಿ ಮಾಡಿಸೋಣ ಅಂತ ಕಾದೆವು. ಮನೆ ಸಿಗಲಿಲ್ಲ, ಮರಿಯೂ ಆಗಲಿಲ್ಲ, ಆಪರೇಷನ್ನೂ ಮಾಡಿಸಲಿಲ್ಲ. ವರ್ಷಕ್ಕೆ ಎರಡು ಸಲ ಬೆದೆ, ಪ್ರತಿ ಸಲ ಮೂರು ವಾರ ಬಾಗಿಲು ಭದ್ರ. ಗೇಟಿನಾಚೆ ರಾತ್ರಿಯೆಲ್ಲ ಗಂಡು ನಾಯಿಗಳ ಜಗಳ. ಅದು ಮುಗಿದರೆ ಸದ್ಯ, ಕಳೆಯಿತು ಅಂತ ಮರೆತುಬಿಡುತ್ತಿದ್ದೆವು. ಹೀಗೇ ಎಂಟು ವರ್ಷ ಹೋಯಿತು.

ನಡುವೆ ಎರಡು ಸಲ ಬೆದೆ ಮುಂದೂಡುವ ಇಂಜೆಕ್ಷನ್ ಕೊಡಿಸಿದ್ದೆ. ಪರಿಚಯದವರೊಬ್ಬರು ಹೇಳಿದ್ದರು, ಸುಲಭ ಅನಿಸಿತು. ಅದರಲ್ಲಿ ಇರುವುದು ಹಾರ್ಮೋನು. ಅದು ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತದೆ, ಮುಂದೆ ಅಲ್ಲಿ ಕೀವು ತುಂಬಲು ದಾರಿ ಮಾಡಿಕೊಡುತ್ತದೆ, ಮೊಲೆಯ ಗಡ್ಡೆಗೂ ಕಾರಣವಾಗಬಹುದು. ಇದು ನನಗೆ ತಿಳಿದದ್ದು ತೀರಾ ತಡವಾಗಿ. ಇಂಥ ಇಂಜೆಕ್ಷನ್ ಯಾರಾದರೂ ಹೇಳಿದರೆ ದಯವಿಟ್ಟು ನೂರು ಸಲ ಯೋಚಿಸಿ.

ಎಂಟನೇ ವರ್ಷದಲ್ಲಿ ಬೆದೆ ಮುಗಿದು ಐದು ವಾರ ಆಗಿತ್ತು. ರಾತ್ರಿ ಎರಡು ಗಂಟೆಗೆ ನೀರು ಕುಡಿಯುವ ಸದ್ದಿಗೆ ನನಗೆ ಎಚ್ಚರವಾಯಿತು. ಲಪ್ ಲಪ್ ಅಂತ ನಿಲ್ಲದೆ ಕುಡಿಯುತ್ತಿದ್ದಳು. ದಿನಕ್ಕೆ ಎರಡು ಸಲ ತುಂಬಿಸುತ್ತಿದ್ದ ಬಟ್ಟಲನ್ನು ಐದು ಸಲ ತುಂಬಿಸಬೇಕಾಯಿತು. ಸೆಖೆಗೆ ಇರಬೇಕು ಅಂದುಕೊಂಡೆ. ಮಾರನೇ ದಿನ ಮನೆಯೊಳಗೆ ಉಚ್ಚೆ ಹೊಯ್ದಳು. ಮರಿಯಾಗಿದ್ದಾಗ ಬಿಟ್ಟರೆ ಒಂದು ದಿನವೂ ಹಾಗೆ ಮಾಡಿದವಳಲ್ಲ. ನಾನು ಜೋರಾಗಿ ಗದರಿದೆ. ಅವಳು ಕಿವಿ ಹಿಂದಕ್ಕೆ ಮಡಚಿ ಮೂಲೆಗೆ ಹೋಗಿ ಮಲಗಿದಳು. ಆ ಗದರಿದ್ದು ಈಗಲೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಮೂರನೇ ದಿನ ಊಟ ಮುಟ್ಟಲಿಲ್ಲ, ವಾಂತಿ ಮಾಡಿದಳು, ಹೊಟ್ಟೆ ಬಿಗಿದುಕೊಂಡಿತ್ತು. ಡಾಕ್ಟರ್ ಸ್ಕ್ಯಾನ್ ಮಾಡಿ ಪಯೋಮೆಟ್ರಾ ಎಂದರು, ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ. ಕೆಲವು ನಾಯಿಗಳಲ್ಲಿ ಕೀವು ಹೊರಗೆ ಸೋರುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ. ಬೆಳ್ಳಿಯ ಗರ್ಭಕೋಶದ ಬಾಯಿ ಮುಚ್ಚಿಕೊಂಡಿತ್ತು. ಒಂದು ಹನಿಯೂ ಹೊರಗೆ ಬಂದಿರಲಿಲ್ಲ. ಅವತ್ತೇ ಆಪರೇಷನ್ ಆಯಿತು. ತೆಗೆದದ್ದನ್ನು ಡಾಕ್ಟರ್ ತಟ್ಟೆಯಲ್ಲಿ ತೋರಿಸಿದರು. ಬೆರಳಿಗಿಂತ ಸಣ್ಣಗಿರಬೇಕಾದ ಕೊಳವೆಗಳು ಗಾಳಿ ತುಂಬಿದ ಸೈಕಲ್ ಟ್ಯೂಬಿನಷ್ಟು ಊದಿಕೊಂಡಿದ್ದವು. ವಿಷ ಆಗಲೇ ರಕ್ತಕ್ಕೆ ಸೇರಿತ್ತು, ಕಿಡ್ನಿ ಕೆಲಸ ನಿಲ್ಲಿಸಿತ್ತು. ಎರಡು ರಾತ್ರಿ ಡ್ರಿಪ್ ಹಾಕಿದರು. ಮೂರನೇ ದಿನ ಬೆಳಗಿನ ಜಾವ ಹೋದಳು.

ಆಮೇಲೆ ಸಿಕ್ಕಿದ್ದೆಲ್ಲ ಓದಿದೆ, ಸಿಕ್ಕ ಡಾಕ್ಟರನ್ನೆಲ್ಲ ಕೇಳಿದೆ. ನಾಯಿಗಳಲ್ಲಿ ಒಂದು ವಿಶೇಷ ಇದೆ. ಬೆದೆ ಮುಗಿದ ಮೇಲೆ ಗಬ್ಬ ಆಗಲಿ ಬಿಡಲಿ, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಸುಮಾರು ಎರಡು ತಿಂಗಳು ಮೇಲೆಯೇ ಇರುತ್ತದೆ. ಮರಿಗಳು ಬರುತ್ತವೆ ಅಂತ ಗರ್ಭಕೋಶ ಪ್ರತಿ ಸಲ ಪೂರ್ತಿ ತಯಾರಾಗುತ್ತದೆ. ಒಳಪದರ ದಪ್ಪವಾಗುತ್ತದೆ, ರಸ ಒಸರುತ್ತದೆ. ಬೆದೆಯ ಸಮಯದಲ್ಲಿ ಬಾಯಿ ತೆರೆದಿರುವುದರಿಂದ ಮಲದಲ್ಲಿರುವ ಬ್ಯಾಕ್ಟೀರಿಯಾ ಒಳಗೆ ಸೇರಿಕೊಳ್ಳಬಹುದು. ಬೆದೆಯ ಮೇಲೆ ಬೆದೆ ಕಳೆದಂತೆ ಒಳಪದರ ಕೆಡುತ್ತಾ ಹೋಗುತ್ತದೆ. ಸ್ವೀಡನ್ನಿನಲ್ಲಿ ಮೊದಲಿನಿಂದ ಹೆಣ್ಣು ನಾಯಿಗಳಿಗೆ ಈ ಆಪರೇಷನ್ ಮಾಡಿಸುವವರು ಕಡಿಮೆ. ಅಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆ ತೆಗೆದು ಲೆಕ್ಕ ಹಾಕಿದಾಗ, 10 ವರ್ಷ ತುಂಬುವಷ್ಟರಲ್ಲಿ ಸುಮಾರು 4ರಲ್ಲಿ 1 ಹೆಣ್ಣು ನಾಯಿಗೆ ಈ ಕಾಯಿಲೆ ಬಂದಿತ್ತು. ನಾಲ್ಕರಲ್ಲಿ ಒಂದು! ಇದು ಗೊತ್ತಿದ್ದರೆ ನಾನು ಒಂದು ವಾರವೂ ತಡ ಮಾಡುತ್ತಿರಲಿಲ್ಲ.

ಹಾಗಾಗಿ ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತಿಗೆ ಬುಡವಿಲ್ಲ. ತಾಯಿಯಾಗಲಿಲ್ಲ ಅಂತ ನಾಯಿ ಕೊರಗುವುದೂ ಇಲ್ಲ. ಆ ಕೊರಗು ನಮ್ಮದು, ಅದನ್ನು ಅದರ ತಲೆಗೆ ಕಟ್ಟುತ್ತೇವೆ. ಮತ್ತೆ, ಆರು ಮರಿ ಹುಟ್ಟಿದರೆ ಆರು ಮನೆ ಬೇಕು. ಮುಂದಿನ ಹದಿಮೂರು ಹದಿನಾಲ್ಕು ವರ್ಷ ನೋಡಿಕೊಳ್ಳುವ ಮನೆ. ನಮಗೆ ಎಂಟು ವರ್ಷದಲ್ಲಿ ಅಂಥ ಎರಡು ಮನೆ ಸಿಕ್ಕಿರಲಿಲ್ಲ.

ಮೊಲೆಯ ಗಡ್ಡೆಯ ವಿಷಯಕ್ಕೆ ಬಂದರೆ, ಬೆಕ್ಕುಗಳಲ್ಲಿ ಬರುವ ಇಂಥ ಗಡ್ಡೆಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಜಾಸ್ತಿ ಕ್ಯಾನ್ಸರ್. 6 ತಿಂಗಳ ಒಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಈ ಅಪಾಯ ಶೇ 90ರಷ್ಟು ಕಡಿಮೆ ಅಂತ ಒಂದು ಅಧ್ಯಯನ ತೋರಿಸಿದೆ. ನಾಯಿಗಳ ಬಗ್ಗೆ 1969ರ ಒಂದು ಅಧ್ಯಯನ ತುಂಬ ಹೆಸರಾಗಿದೆ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ, ಒಂದೊಂದು ಬೆದೆ ಕಳೆದಂತೆ ಲಾಭ ಇಳಿಯುತ್ತದೆ ಅಂತ ಅದು ಹೇಳಿತ್ತು. ಅಷ್ಟು ಖಚಿತವಾಗಿ ಹೇಳಲು ಪುರಾವೆ ಸಾಲದು ಅಂತ ಆಮೇಲೆ ಕೆಲವರು ಎಚ್ಚರಿಸಿದ್ದಾರೆ. ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸರಿಯಲ್ಲ.

ಹಾಗಾದರೆ ಯಾವಾಗ ಮಾಡಿಸಬೇಕು? ಎಲ್ಲರೂ ಕೇಳುವುದು ಇದನ್ನೇ. ಎಲ್ಲಕ್ಕೂ ಒಂದೇ ಉತ್ತರ ಇಲ್ಲ. ನಮ್ಮ ಮನೆಯಲ್ಲಿ ಈಗಿರುವ ಇಬ್ಬರ ಕಥೆಯೇ ಬೇರೆ ಬೇರೆ.

ಮಿಂಚು ಹೆಣ್ಣು ಬೆಕ್ಕು. ಅವಳಿಗೆ ಐದು ತಿಂಗಳು ತುಂಬುವ ಮೊದಲೇ ಮಾಡಿಸಿದೆವು. ಬೆಕ್ಕಿನ ವಿಷಯದಲ್ಲಿ ಡಾಕ್ಟರುಗಳು ಸಾಮಾನ್ಯವಾಗಿ ಹೇಳುವ ಗಡುವು ಅದು, ಯಾಕೆಂದರೆ ಕೆಲವು ಬೆಕ್ಕುಗಳು ನಾಲ್ಕು ತಿಂಗಳಿಗೇ ಬೆದೆಗೆ ಬರುತ್ತವೆ. ನೋಡಲು ಇನ್ನೂ ಮರಿಯಂತೆ ಇರುತ್ತವೆ, ನಮಗೆ ಅನುಮಾನವೇ ಬರುವುದಿಲ್ಲ. ಜೋಡಿಯಾಗದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ ಬೆದೆ, ರಾತ್ರಿಯಿಡೀ ಕೂಗು. ಗಬ್ಬವಾದರೆ ಒಂಬತ್ತು ವಾರಕ್ಕೆ ಮರಿ. ಆ ಮರಿಗಳು ಹಾಲು ಬಿಡುವ ಮೊದಲೇ ತಾಯಿ ಮತ್ತೆ ಗಬ್ಬವಾಗಬಹುದು. ಇನ್ನೊಂದು ಮುಖ್ಯ ಮಾತು. ಒಂದೇ ಸೂಲಿನ ಗಂಡು ಹೆಣ್ಣು ಮರಿಗಳನ್ನು ಒಟ್ಟಿಗೆ ಸಾಕುವವರು ತುಂಬ ಜನ ಇದ್ದಾರೆ. ಅಣ್ಣ ತಂಗಿ ಎಂಬ ಲೆಕ್ಕ ಬೆಕ್ಕಿಗಿಲ್ಲ. ಅಂಥವರು ಎರಡಕ್ಕೂ ಬೇಗ ಮಾಡಿಸಿ.

ಭೀಮ ದೊಡ್ಡ ಜಾತಿಯ ಗಂಡು ನಾಯಿ. ಮೊದಲ ಲಸಿಕೆಯ ದಿನವೇ ನಾನು ಆಪರೇಷನ್ ಬಗ್ಗೆ ಕೇಳಿದೆ. ಬೆಳ್ಳಿಯ ನೋವು ಹಸಿಯಾಗಿತ್ತು, ಆರು ತಿಂಗಳಿಗೇ ಮಾಡಿಬಿಡಿ ಎಂದೆ. ಡಾಕ್ಟರ್ ತಡೆದರು. ಮೂಳೆ ಬೆಳೆಯುವುದು ನಿಲ್ಲಲು ವೃಷಣ, ಅಂಡಾಶಯಗಳಲ್ಲಿ ತಯಾರಾಗುವ ಹಾರ್ಮೋನುಗಳೂ ಬೇಕು. ದೊಡ್ಡ ನಾಯಿಗಳಲ್ಲಿ ಅವನ್ನು ತೀರಾ ಬೇಗ ತೆಗೆದರೆ ಕಾಲಿನ ಮೂಳೆ ಸ್ವಲ್ಪ ಜಾಸ್ತಿ ಉದ್ದವಾಗಿ ಕೀಲಿನ ತೊಂದರೆಗೆ ದಾರಿಯಾಗಬಹುದು ಎಂದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು 2013ರಲ್ಲಿ ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಕೀಲಿನ ತೊಂದರೆಯನ್ನು ಗಮನಿಸಿದರು, 2020ರಲ್ಲಿ 35 ತಳಿಗಳ ದಾಖಲೆ ನೋಡಿದರು. ಸಣ್ಣ ತಳಿಗಳಲ್ಲಿ ಕೀಲಿನ ಈ ತೊಂದರೆ ಹೆಚ್ಚಾದಂತೆ ಕಾಣಲಿಲ್ಲ. ಅದಕ್ಕೇ ಸಣ್ಣ ನಾಯಿಗಳಿಗೆ ಆರು ತಿಂಗಳ ಹೊತ್ತಿಗೆ ಸಾಕು, ದೊಡ್ಡ ಗಂಡು ನಾಯಿಗಳಿಗೆ ಬೆಳವಣಿಗೆ ನಿಂತ ಮೇಲೆ, ಅಂದರೆ 9ರಿಂದ 15 ತಿಂಗಳ ನಡುವೆ ಎನ್ನುತ್ತಾರೆ. ಭೀಮನಿಗೆ ಹದಿನೈದನೇ ತಿಂಗಳಲ್ಲಿ ಆಯಿತು.

ದೊಡ್ಡ ಜಾತಿಯ ಹೆಣ್ಣು ನಾಯಿ ಇದ್ದರೆ ತೀರ್ಮಾನ ಕಷ್ಟ. ಒಂದು ಕಡೆ ಮೊಲೆಯ ಗಡ್ಡೆ, ಕೀವಿನ ಭಯ. ಇನ್ನೊಂದು ಕಡೆ ಕೀಲುಗಳು, ಜೊತೆಗೆ ಆಪರೇಷನ್ ಆದ ಕೆಲವು ದೊಡ್ಡ ಹೆಣ್ಣು ನಾಯಿಗಳಿಗೆ ವಯಸ್ಸಾದ ಮೇಲೆ ಮಲಗಿದಲ್ಲೇ ಉಚ್ಚೆ ಸೋರುವ ತೊಂದರೆ. ಅದಕ್ಕೆ ಔಷಧಿ ಇದೆ. ಐದರಿಂದ ಹದಿನೈದು ತಿಂಗಳ ನಡುವೆ ಯಾವಾಗ ಎಂಬುದನ್ನು ತಳಿ, ತೂಕ ನೋಡಿ ನಿಮ್ಮ ಡಾಕ್ಟರ್ ಜೊತೆ ಕೂತು ತೀರ್ಮಾನಿಸಿ. ಆದರೆ ತೀರ್ಮಾನಿಸಿ, ತಾರೀಖು ಬರೆದಿಡಿ. ನಾನು ಬರೆದಿಟ್ಟಿರಲಿಲ್ಲ.

ಬೆದೆಯಲ್ಲಿ ಇರುವಾಗ ನಾಯಿಗೆ ಮಾಡಿಸುವುದನ್ನು ಡಾಕ್ಟರುಗಳು ಸಾಮಾನ್ಯವಾಗಿ ಮುಂದೂಡುತ್ತಾರೆ. ಆಗ ರಕ್ತನಾಳಗಳು ಉಬ್ಬಿರುತ್ತವೆ, ರಕ್ತಸ್ರಾವ ಜಾಸ್ತಿ ಆಗಬಹುದು. ಎರಡು ಮೂರು ತಿಂಗಳು ಬಿಟ್ಟು ಮಾಡಿಸಬೇಕು. ಮರಿ ಇಲ್ಲದೆಯೂ ಮೊಲೆಯಲ್ಲಿ ಹಾಲು ಬಂದಿದ್ದರೆ ಅದು ಬತ್ತುವವರೆಗೆ ಕಾಯಬೇಕು. ಮರಿ ಹಾಕಿದ್ದರೆ, ಮರಿಗಳು ಹಾಲು ಬಿಟ್ಟ ಎರಡು ವಾರದ ಮೇಲೆ. ಈ ಎರಡು ಮೂರು ತಿಂಗಳಲ್ಲೇ ಜನ ಮರೆಯುವುದು, ನನ್ನ ಹಾಗೆ.

ಗಂಡಿಗೆ ಯಾಕೆ ಬೇಕು ಅಂತ ಕೇಳುವವರಿಗೆ: ವೃಷಣದ ಕ್ಯಾನ್ಸರ್ ಬರುವ ಮಾತೇ ಇಲ್ಲ, ವಯಸ್ಸಾದ ಮೇಲೆ ಮೂತ್ರಕೋಶದ ಬುಡದಲ್ಲಿರುವ ಪ್ರಾಸ್ಟೇಟ್ ಗ್ರಂಥಿ ಊದುವ ತೊಂದರೆ ಕಡಿಮೆ, ಬೆದೆಯ ವಾಸನೆ ಹಿಡಿದು ಗೇಟು ಹಾರಿ ಹೋಗಿ ಗಾಡಿಗೆ ಸಿಕ್ಕುವುದು ಕಡಿಮೆ. ಗಂಡು ಬೆಕ್ಕು ಮನೆಯ ಗೋಡೆಗೆಲ್ಲ ಉಚ್ಚೆ ಚಿಮುಕಿಸುವುದು ಬಹುಪಾಲು ನಿಲ್ಲುತ್ತದೆ. ಒಂದು ವೃಷಣ ಹೊಟ್ಟೆಯೊಳಗೇ ಉಳಿದುಬಿಟ್ಟಿದ್ದರೆ ಮಾತ್ರ ಖಂಡಿತ ತೆಗೆಸಬೇಕು, ಅದರಲ್ಲಿ ಗಡ್ಡೆ ಬೆಳೆಯುವ ಸಾಧ್ಯತೆ ಹೆಚ್ಚು. ಆಪರೇಷನ್ ಆದ ಮೇಲೂ ಒಂದು ತಿಂಗಳು ಬೆದೆಯ ಹೆಣ್ಣಿನಿಂದ ದೂರ ಇಡಿ, ಒಳಗೆ ಉಳಿದ ವೀರ್ಯದಿಂದ ಗಬ್ಬವಾಗಬಹುದು. ಭಯದಿಂದ ಕಚ್ಚುವ ನಾಯಿ ಇದರಿಂದ ಸರಿಹೋಗುವುದಿಲ್ಲ, ಅದಕ್ಕೆ ಬೇರೆ ತರಬೇತಿ ಬೇಕು. ಭೀಮ ಈಗಲೂ ಮನೆ ಕಾಯುತ್ತಾನೆ, ಈಗಲೂ ಬೊಗಳುತ್ತಾನೆ.

ದಪ್ಪ ಆಗುತ್ತವೆ ಅನ್ನುವುದು ಮಾತ್ರ ಸುಳ್ಳಲ್ಲ. ಮೈಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ. ಮಿಂಚುವಿನ ಊಟವನ್ನು ಕಾಲುಭಾಗ ಕಡಿಮೆ ಮಾಡಿದ್ದೇವೆ, ಅಳತೆಯ ಲೋಟದಲ್ಲೇ ಹಾಕುತ್ತೇವೆ, ತಿಂಗಳಿಗೊಮ್ಮೆ ತೂಕ ನೋಡುತ್ತೇವೆ. ಇಷ್ಟು ಮಾಡಿದರೆ ಸಾಕು.

ಮೊಲ ಸಾಕಿದವರಿಗೂ ಒಂದು ಮಾತು. ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ತುಂಬ ಸಾಮಾನ್ಯ. ಮೊಲದ ಬಗ್ಗೆ ಅನುಭವ ಇರುವ ಡಾಕ್ಟರನ್ನೇ ಹುಡುಕಿ. ಆಪರೇಷನ್‌ಗೆ ಮುಂಚೆ ನಾಯಿಯ ಹಾಗೆ ಮೊಲವನ್ನು ಉಪವಾಸ ಕೆಡವಬಾರದು.

ಮಿಂಚುವಿನ ಆಪರೇಷನ್ ದಿನ ನನ್ನ ಕೈ ನಡುಗುತ್ತಿತ್ತು. ಅರಿವಳಿಕೆಯ ಭಯ ನನಗೂ ಇದೆ. ಮೊದಲೇ ರಕ್ತಪರೀಕ್ಷೆ ಮಾಡಿಸಿದ್ದೆ. ಎಷ್ಟು ಹೊತ್ತು ಊಟ ಕೊಡಬಾರದು ಅಂತ ಕೇಳಿ ಬರೆದುಕೊಂಡಿದ್ದೆ, ಸಣ್ಣ ಮರಿಗಳನ್ನು ತುಂಬ ಹೊತ್ತು ಹಸಿದಿರಲು ಬಿಡಬಾರದು. ಬೆಳಿಗ್ಗೆ ಬಿಟ್ಟು ಬಂದೆ, ಸಂಜೆ ಕರೆದುಕೊಂಡು ಬಂದೆ. ಕೂದಲು ಬೋಳಿಸಿದ ಗುಲಾಬಿ ಹೊಟ್ಟೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಗಾಯ, ಎರಡೇ ಎರಡು ಹೊಲಿಗೆ. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಬೆಳ್ಳಿಯ ಗಾಯ ಎದೆಗೂಡಿನ ಕೆಳಗಿನಿಂದ ಹಿಂಗಾಲಿನ ಸಂದಿಯವರೆಗೂ ಇತ್ತು. ಇಬ್ಬರಿಗೂ ತೆಗೆದದ್ದು ಅದೇ ಗರ್ಭಕೋಶ. ಒಬ್ಬಳಿಗೆ ಆರೋಗ್ಯವಾಗಿದ್ದಾಗ, ಇನ್ನೊಬ್ಬಳಿಗೆ ಕೀವು ತುಂಬಿದ ಮೇಲೆ.

ಮನೆಗೆ ಬಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಗಾಯ ನೆಕ್ಕಲು ಬಿಡಬಾರದು. ಸ್ನಾನ ಇಲ್ಲ, ಓಟ ಇಲ್ಲ, ಎತ್ತರಕ್ಕೆ ಹಾರುವುದೂ ಇಲ್ಲ. ದಿನಕ್ಕೆ ಎರಡು ಸಲ ಹೊಲಿಗೆ ನೋಡಿ. ಕೆಂಪಾಗಿ ಊದಿದರೆ, ಕೀವು ಬಂದರೆ, ವಾಸನೆ ಬಂದರೆ ಬೆಳಗಾಗಲಿ ಅನ್ನದೆ ಫೋನ್ ಮಾಡಿ. ನೋವಿನ ಮಾತ್ರೆ ಡಾಕ್ಟರ್ ಕೊಟ್ಟದ್ದೇ ಆಗಬೇಕು. ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಹುಡುಗಿ ತುಂಬ ಹೊತ್ತು ಸುಮ್ಮನೆ ಕೂತಿದ್ದಳು. ಮರಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಆಮೇಲೆ ಅವಳ ಅಮ್ಮನೂ ಬಂದರು, ಅವರಿಗೂ ಹೇಳಿದೆ. ನಿನ್ನೆ ಇಬ್ಬರೂ ಹೋಗಿ ತಾರೀಖು ತೆಗೆದುಕೊಂಡು ಬಂದಿದ್ದಾರೆ. ಮುಂದಿನ ಬುಧವಾರ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಬೆಳ್ಳಿಗೆಂದು ತಂದಿದ್ದು ಕಪಾಟಿನ ಮೇಲೆ ಎರಡು ವರ್ಷದಿಂದ ಹಾಗೇ ಇತ್ತು, ಒಂದು ದಿನವೂ ಹಾಕಿರಲಿಲ್ಲ. ಆ ಮರಿಗೆ ಅದು ದೊಡ್ಡದಾಗುತ್ತದೆ. ಅಂಚು ಕತ್ತರಿಸಿ, ಬಟ್ಟೆ ಸುತ್ತಿ, ಅಳತೆಗೆ ಸರಿಮಾಡಿ ಕೊಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ನಿವೃತ್ತ ಶಿಕ್ಷಕಿ